ಸಂಘದ ವೆಬ್‌ಸೈಟ್ ಮೊಬೈಲಿಗೆ ಹೊಂದಿಸಬೇಕು: ಆ್ಯಪ್ ಮಾಡಿಸೋದಾ, ಇರೋದನ್ನೇ ಹೊಸದಾಗಿ ಕಟ್ಟೋದಾ?

ಗೊರಬಲು

ಎಲ್ಲರಿಗೂ ನಮಸ್ಕಾರ. ನಮ್ಮದು ಮಲೆನಾಡಿನ ಒಂದು ಅಡಿಕೆ ಮಾರಾಟ ಸಹಕಾರ ಸಂಘ. ಹೆಸರು ಬೇಡ. ನಾನಿರೋದು ಲೆಕ್ಕಪತ್ರ ವಿಭಾಗದಲ್ಲಿ. "ಇವನಿಗೆ ಸ್ವಲ್ಪ ಕಂಪ್ಯೂಟರ್ ಗೊತ್ತು" ಅನ್ನುವ ಒಂದೇ ಕಾರಣಕ್ಕೆ ವೆಬ್‌ಸೈಟ್ ಕೆಲಸ ನನ್ನ ತಲೆಗೆ ಬಂದಿದೆ.

ಈಗಿರುವ ಸೈಟು ಸ್ಮಾರ್ಟ್‌ಫೋನ್ ಇಷ್ಟೆಲ್ಲ ಬರುವ ಮೊದಲು ಮಾಡಿಸಿದ್ದು. ಮೊಬೈಲಲ್ಲಿ ತೆರೆದರೆ ಇಡೀ ಪುಟ ಕುಗ್ಗಿ ಕೂರುತ್ತದೆ. ಎರಡು ಬೆರಳಲ್ಲಿ ಹಿಗ್ಗಿಸಿ, ಅತ್ತಿತ್ತ ಎಳೆದು ಓದಬೇಕು. ಸದಸ್ಯರು ಬರುವುದೇ ದಿನದ ಧಾರಣೆ ನೋಡಲು. ಆ ಪಟ್ಟಿಯಲ್ಲಿ 7 ಕಾಲಂ ಇದೆ: ದಿನಾಂಕ, ಅಂಗಳ (ಮಾರಾಟದ ಜಾಗ), ಅಡಿಕೆಯ ಬಗೆ (ರಾಶಿ, ಬೆಟ್ಟೆ ಹೀಗೆ), ಆವಕ (ಬಂದ ಮಾಲು), ಕನಿಷ್ಠ, ಗರಿಷ್ಠ, ಸರಾಸರಿ.

ಮೂರು ಕಡೆಯಿಂದ ಕೊಟೇಶನ್ ಬಂದಿದೆ.
ಒಬ್ಬರು ಹೇಳುತ್ತಾರೆ, ಸೈಟು ಹಾಗೇ ಇರಲಿ, ಆ್ಯಪ್ ಮಾಡಿಕೊಡ್ತೇವೆ.
ಇನ್ನೊಬ್ಬರು, ಮೊಬೈಲಿಗೆ ಬೇರೆಯೇ ಒಂದು ಚಿಕ್ಕ ಸೈಟ್, ವಿಳಾಸದ ಮುಂದೆ ಎಂ-ಡಾಟ್ ಅಂತ.
ಮೂರನೆಯವರು, ಎಲ್ಲ ಕಿತ್ತುಹಾಕಿ ಒಂದೇ ಸೈಟು, ಎಲ್ಲ ಪರದೆಗೂ ಹೊಂದುವ ಹಾಗೆ.

ಆಡಳಿತ ಮಂಡಳಿಗೆ ಆ್ಯಪ್ ಮೇಲೆ ಮನಸ್ಸು. ನನಗೆ ಗೊಂದಲ. ಇಂಥ ಕೆಲಸ ಮಾಡಿದವರು, ಮಾಡಿಸಿದವರು ಇದ್ದರೆ ಹೇಳಿ.

ಕರಾವಳಿಕಾಗೆ

ಆ್ಯಪ್ ಬೇಡ. ಮುಗೀತು.

ಟ್ಯಾಗ್‌ಮುಚ್ಚದವ

ಕಾಗೆಯವರು ಹೇಳಿದ್ದು ಸರಿ, ಆದರೆ ಕಾರಣವನ್ನೂ ಹೇಳಬೇಕಲ್ವಾ.

ಗೊರಬಲು ಸರ್, ನಿಮ್ಮ ಪುಟ ಯಾಕೆ ಕುಗ್ಗುತ್ತದೆ ಅನ್ನುವುದರಿಂದ ಶುರು ಮಾಡೋಣ. 2007ರಲ್ಲಿ ಐಫೋನ್ ಬಂದಾಗ ಜಗತ್ತಿನ ಸೈಟೆಲ್ಲ ದೊಡ್ಡ ಪರದೆಗೆ ಮಾಡಿದವೇ. ಹಾಗಾಗಿ ಅದರ ಸಫಾರಿ ಬ್ರೌಸರ್ ಒಂದು ಉಪಾಯ ಮಾಡಿತು. ನನ್ನ ಪರದೆ 980 ಪಿಕ್ಸೆಲ್ ಅಗಲ ಇದೆ ಅಂತ ಪುಟಕ್ಕೆ ಸುಳ್ಳು ಹೇಳಿ, ಬಿಡಿಸಿ, ಆಮೇಲೆ ಕುಗ್ಗಿಸಿ ತೋರಿಸಿತು. ಉಳಿದ ಫೋನುಗಳೂ ಅದನ್ನೇ ಹಿಡಿದವು. "ಸುಳ್ಳು ಹೇಳಬೇಡ, ನಿನ್ನ ನಿಜವಾದ ಅಗಲ ತಗೋ" ಅಂತ ಪುಟ ಹೇಳಬೇಕಾದರೆ ವ್ಯೂಪೋರ್ಟ್ ಅನ್ನುವ ಒಂದು ಸಾಲು ಬರೆಯಬೇಕು. ನಿಮ್ಮ ಹಳೇ ಸೈಟಲ್ಲಿ ಆ ಸಾಲು ಇಲ್ಲ.

ಹಾಗಂತ ಆ ಒಂದು ಸಾಲು ಸೇರಿಸಿದರೆ ಆಯಿತು ಅಂದುಕೊಳ್ಳಬೇಡಿ. ಈಗ ಕುಗ್ಗಿ ಕಾಣುವುದು ಆಗ ಪರದೆಯಿಂದ ಆಚೆ ಹೋಗುತ್ತದೆ.

2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಅನ್ನುವ ವಿನ್ಯಾಸಗಾರ "ಎ ಲಿಸ್ಟ್ ಅಪಾರ್ಟ್" ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ರೆಸ್ಪಾನ್ಸಿವ್ ವೆಬ್ ಡಿಸೈನ್ ಅನ್ನುವ ಹೆಸರು ಬಂದದ್ದೇ ಅಲ್ಲಿಂದ. ಅದರಲ್ಲಿ ಮೂರೇ ಸಂಗತಿ. ಅಗಲವನ್ನು ಪಿಕ್ಸೆಲ್ಲಿನಲ್ಲಿ ಕೊಡದೆ ಶೇಕಡಾ ಲೆಕ್ಕದಲ್ಲಿ ಕೊಡುವುದು, ಚಿತ್ರಗಳು ತಾವಿರುವ ಜಾಗ ಮೀರದ ಹಾಗೆ ನೋಡುವುದು, ಪರದೆ ಇಷ್ಟಕ್ಕಿಂತ ಕಿರಿದಾದರೆ ಜೋಡಣೆ ಹೀಗೆ ಬದಲಾಗಲಿ ಅಂತ ಮೀಡಿಯಾ ಕ್ವೆರಿಯಲ್ಲಿ ಬರೆಯುವುದು. ಪುಟ ಒಂದೇ, ವಿಳಾಸ ಒಂದೇ.

ಮಾರನೇ ವರ್ಷವೇ, 2011ರ ಸೆಪ್ಟೆಂಬರಿನಲ್ಲಿ, ಬೋಸ್ಟನ್ ಗ್ಲೋಬ್ ಪತ್ರಿಕೆ ತನ್ನ ಇಡೀ ಸೈಟನ್ನು ಹೀಗೆ ಕಟ್ಟಿತು. ಆ ಕೆಲಸದಲ್ಲಿ ಮಾರ್ಕಾಟ್ ಕೂಡ ಇದ್ದರು. ಅಷ್ಟು ದೊಡ್ಡ ಸುದ್ದಿ ಪತ್ರಿಕೆಗೇ ಆಗುತ್ತದೆ ಅಂದಮೇಲೆ "ಇದು ಸಣ್ಣ ಬ್ಲಾಗುಗಳಿಗೆ ಮಾತ್ರ ಸರಿ" ಅನ್ನುವವರ ಬಾಯಿ ಮುಚ್ಚಿತು.

ನನ್ನ ಓಟು ಮೂರನೆಯವರಿಗೆ.

ಸಿಲಿಕಾನ್_ಸೀನ

ಒಂದು ನಿಮಿಷ. ಎಲ್ಲರೂ ಆ್ಯಪಿಗೆ ಬೈಯೋದು ಫ್ಯಾಷನ್ ಆಗಿದೆ. ಧಾರಣೆ ಬದಲಾದ ತಕ್ಷಣ ನೋಟಿಫಿಕೇಶನ್ ಹೋಗಬೇಕು ಅಂದರೆ ಆ್ಯಪ್ ಬೇಕು. ನೆಟ್‌ವರ್ಕ್ ಇಲ್ಲದ ತೋಟದಲ್ಲಿ ನಿಂತು ಬೆಳಿಗ್ಗಿನ ರೇಟು ನೋಡಬೇಕು ಅಂದರೂ ಆ್ಯಪ್ ಬೇಕು. ಮಲೆನಾಡಲ್ಲಿ ಟವರ್ ಕಥೆ ಗೊತ್ತಲ್ಲ.

ಟ್ಯಾಗ್‌ಮುಚ್ಚದವ

ಸೀನ ಗುರು, ಎರಡೂ ಈಗ ಬ್ರೌಸರಿನಲ್ಲೇ ಆಗುತ್ತವೆ. ಸರ್ವಿಸ್ ವರ್ಕರ್, ಅಂದರೆ ಬ್ರೌಸರಿನ ಹಿನ್ನೆಲೆಯಲ್ಲಿ ಓಡುವ ಚಿಕ್ಕ ಕೋಡ್, ಇದ್ದರೆ ಕೊನೆಯ ಸಲ ನೋಡಿದ ಪುಟ ನೆಟ್ ಇಲ್ಲದೆಯೂ ತೆರೆಯುತ್ತದೆ. ಫ್ಲಿಪ್‌ಕಾರ್ಟ್ 2015ರಲ್ಲೇ ಫ್ಲಿಪ್‌ಕಾರ್ಟ್ ಲೈಟ್ ಅಂತ ಹೀಗೆ ಮಾಡಿ ತೋರಿಸಿತ್ತು.

ಕಾಫಿಪುಡಿ

ಫ್ಲಿಪ್‌ಕಾರ್ಟ್ ಅಂದಾಗ ನೆನಪಾಯಿತು. ಅವರದೇ ಕೈಕೆಳಗಿದ್ದ ಮಿಂತ್ರಾ 2015ರ ಮೇ ತಿಂಗಳಲ್ಲಿ ವೆಬ್‌ಸೈಟನ್ನೇ ಮುಚ್ಚಿ "ಆ್ಯಪ್ ಮಾತ್ರ" ಅಂದುಬಿಟ್ಟಿತ್ತು. ಬೆಂಗಳೂರಿನ ಕಂಪನಿ, ದುಡ್ಡು ಇತ್ತು, ಎಂಜಿನಿಯರುಗಳು ಇದ್ದರು. ಆದರೂ ಮುಂದಿನ ವರ್ಷವೇ ಸೈಟು ವಾಪಸ್ ಬಂತು. ಅಂಗಿ ಚಪ್ಪಲಿ ಕೊಳ್ಳಲೇ ಜನ ಬರೀ ಆ್ಯಪ್ ಒಪ್ಪಲಿಲ್ಲ, ಇನ್ನು ರಾಶಿ ರೇಟ್ ನೋಡಲು ಒಪ್ತಾರಾ?

ಸಿಲಿಕಾನ್_ಸೀನ

ರೇಟ್ ನೋಡುವವರು ದಿನಾ ನೋಡ್ತಾರೆ ಮೇಡಂ. ಬಟ್ಟೆ ದಿನಾ ಯಾರು ಕೊಳ್ತಾರೆ? ದಿನಾ ಬಳಸೋದಕ್ಕೆ ಆ್ಯಪ್, ಅಪರೂಪಕ್ಕೆ ಬಳಸೋದಕ್ಕೆ ಸೈಟ್. ಇದು ಲೆಕ್ಕ.

ಕಾಫಿಪುಡಿ

ನಮ್ಮ ಮನೆಯಲ್ಲಿ ದಿನಾ ಕೊಳ್ತಾರೆ. ಆ ವಿಷಯ ಬೇಡ ಬಿಡಿ.

ಚಾಲಿ_ರಾಶಿ

ನಾನು ಬೆಳೆಗಾರ, ಸಾಫ್ಟ್‌ವೇರ್ ಅಲ್ಲ. ಒಂದು ಮಾತು ಹೇಳಲಾ? ನಮ್ಮ ಕಡೆ ಧಾರಣೆ ಬರೋದು ವಾಟ್ಸ್ಆ್ಯಪ್ ಗ್ರೂಪಲ್ಲಿ. ಯಾರೋ ಸೈಟಿನ ಫೋಟೋ ಹೊಡೆದು ಹಾಕ್ತಾರೆ. ಅದು ನಿನ್ನೇದೋ ಇವತ್ತಿಂದೋ ಗೊತ್ತಾಗೋಲ್ಲ. ಯಾಕೆಂದರೆ ದಿನಾಂಕದ ಕಾಲಂ ಸ್ಕ್ರೀನಿನಿಂದ ಹೊರಗೆ ಇರುತ್ತೆ.

ಆ್ಯಪ್ ಹಾಕಿಕೊಳ್ಳಲು ಫೋನಲ್ಲಿ ಜಾಗ ಇರಬೇಕಲ್ಲ ಮಾರಾಯ್ರೆ. ನಮ್ಮ ಅಪ್ಪಯ್ಯನ ಫೋನ್ ತುಂಬ ಗುಡ್ ಮಾರ್ನಿಂಗ್ ಚಿತ್ರಗಳು. ಇನ್‌ಸ್ಟಾಲ್ ಒತ್ತಿದರೆ "ಜಾಗ ಸಾಲದು" ಅನ್ನುತ್ತೆ.

ಕರಾವಳಿಕಾಗೆ

ಹೇಳಿದ್ನಲ್ಲ, ಮುಗೀತು ಅಂತ.

ಥೇಮ್ಸ್_ತುಂಗೆ

ಲಂಡನ್ನಿಂದ ಬರೆಯುತ್ತಿದ್ದೇನೆ, ಊರು ತೀರ್ಥಹಳ್ಳಿ ಕಡೆ. ಇಲ್ಲಿನ ಸರ್ಕಾರ ಮಾಡಿದ್ದನ್ನು ಹೇಳಿದರೆ ಗೊರಬಲು ಅವರಿಗೆ ಮಂಡಳಿ ಮುಂದೆ ಮಾತಾಡಲು ಅನುಕೂಲ ಆಗಬಹುದು.

ಮೊದಲು ಇಲ್ಲಿ ಜನರಿಗೆ ಡೈರೆಕ್ಟ್‌ಗವ್, ವ್ಯಾಪಾರಸ್ಥರಿಗೆ ಬಿಸಿನೆಸ್ ಲಿಂಕ್, ಅದರ ಮೇಲೆ ಇಲಾಖೆಗೊಂದು ಸೈಟು ಅಂತ ಇತ್ತು. 2012ರ ಅಕ್ಟೋಬರ್ 17ಕ್ಕೆ ಮೊದಲಿನ ಎರಡರ ಜಾಗಕ್ಕೆ ಗವ್ ಡಾಟ್ ಯುಕೆ ಬಂತು. ಆಮೇಲೆ ಇಲಾಖೆಗಳ ಸೈಟುಗಳೂ ಅದರೊಳಗೆ ಸೇರಿದವು. ನೋಡಲು ಬಹಳ ಸಪ್ಪೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಒಂದು ಹಸಿರು ಬಟನ್. ಓಡುವ ಚಿತ್ರ ಇಲ್ಲ, ಮಂತ್ರಿಗಳ ನಗು ಇಲ್ಲ. ಆದರೆ ಬಸ್ಸಲ್ಲಿ ನಿಂತುಕೊಂಡು ಒಂದೇ ಕೈಯಲ್ಲಿ ವಾಹನ ತೆರಿಗೆ ಕಟ್ಟಬಹುದು. ಮುಂದಿನ ವರ್ಷ ಅದಕ್ಕೆ ವಿನ್ಯಾಸದ ಪ್ರಶಸ್ತಿಯೂ ಬಂತು, ಲಂಡನ್ನಿನ ಡಿಸೈನ್ ಮ್ಯೂಸಿಯಂ ಕೊಡುವ ವರ್ಷದ ಪ್ರಶಸ್ತಿ.

ಆ ತಂಡದವರು ಆ್ಯಪ್ ಬಗ್ಗೆ ಒಂದು ನಿಲುವು ಇಟ್ಟುಕೊಂಡಿದ್ದರು. ಇಲಾಖೆಯವರು ಆ್ಯಪ್ ಬೇಕು ಅಂತ ಬಂದರೆ ಮೊದಲ ಉತ್ತರ "ಇಲ್ಲ". ಮೊದಲು ನಿಮ್ಮ ಸೈಟು ಫೋನಲ್ಲಿ ಸರಿಯಾಗಿ ನಡೆಯಲಿ, ಆಮೇಲೆ ನೋಡೋಣ ಅಂತ.

ಸಿಲಿಕಾನ್_ಸೀನ

ತುಂಗೆಯವರೇ, ಅರ್ಧ ಕಥೆ ಹೇಳಿದಿರಿ. 2025ರಲ್ಲಿ ಅದೇ ಗವ್ ಡಾಟ್ ಯುಕೆ ಆ್ಯಪ್ ಬಿಟ್ಟಿತಲ್ಲ? ಅಂದರೆ ಕೊನೆಗೆ ಅವರೂ ನಮ್ಮ ದಾರಿಗೇ ಬಂದರು.

ಥೇಮ್ಸ್_ತುಂಗೆ

ಬಿಟ್ಟರು, ನಿಜ. ಸೈಟು ಸರಿಯಾದ ಎಷ್ಟೋ ವರ್ಷದ ಮೇಲೆ. ಗೊರಬಲು ಅವರ ಮೊದಲನೇ ಕೊಟೇಶನ್ನಿನವರು ಕೆಟ್ಟ ಸೈಟನ್ನು ಹಾಗೇ ಬಿಟ್ಟು ಅದರ ಮೇಲೆ ಆ್ಯಪ್ ಮಾಡ್ತೇವೆ ಅಂತಿದ್ದಾರೆ. ಎರಡೂ ಒಂದೇನಾ?

ಬಯಲುಸೀಮೆ

ಎಂ-ಡಾಟ್ ಬಗ್ಗೆ ಯಾರೂ ಮಾತಾಡಿಲ್ಲ. ಪಾಪ, ಎರಡನೇ ಕೊಟೇಶನ್ನಿನವರು ಏನು ಪಾಪ ಮಾಡಿದ್ದಾರೆ?

ಟ್ಯಾಗ್‌ಮುಚ್ಚದವ

ಎಂ-ಡಾಟ್ ಅಂದರೆ ಎರಡು ಸೈಟು. ಎರಡು ಕಡೆ ಧಾರಣೆ ಹಾಕಬೇಕು. ಒಂದು ದಿನ ಒಂದು ಕಡೆ ಮರೆತರೆ ಒಂದೇ ಸಂಘದ್ದು ಎರಡು ರೇಟು. ಅಂಗಳದಲ್ಲಿ ಜಗಳ ಖಾಯಂ.

ಇನ್ನೊಂದು ತೊಂದರೆ ನಿಮ್ಮೆಲ್ಲರಿಗೂ ಆಗಿರುತ್ತದೆ. ಫೋನಿನವರು ಕಳಿಸಿದ ವಿಕಿಪೀಡಿಯ ಲಿಂಕನ್ನು ಕಂಪ್ಯೂಟರಲ್ಲಿ ಒತ್ತಿದರೆ ದೊಡ್ಡ ಪರದೆಯಲ್ಲೂ ಮೊಬೈಲ್ ಪುಟವೇ ತೆರೆಯುತ್ತಿತ್ತು. ಕಾರಣ ಆ ಎಂ-ಡಾಟ್ ವಿಳಾಸ. 2025ರಲ್ಲಿ ಕೊನೆಗೂ ಅವರು ಎರಡು ವಿಳಾಸವನ್ನು ಒಂದು ಮಾಡಿದರು. ಅಷ್ಟು ದೊಡ್ಡವರೇ ಬಿಟ್ಟ ದಾರಿಯಲ್ಲಿ ನೀವು ಈಗ ಹೊರಡೋದಾ?

ಬಯಲುಸೀಮೆ

ಗೂಗಲ್ ಕೂಡ ಸೇರಿಸಿಕೊಳ್ಳಿ. 2015ರ ಏಪ್ರಿಲ್ 21ಕ್ಕೆ ಅವರು ಫೋನಿನ ಹುಡುಕಾಟದಲ್ಲಿ ಮೊಬೈಲಿಗೆ ಹೊಂದುವ ಪುಟಗಳನ್ನು ಮೇಲೆ ತರಲು ಶುರು ಮಾಡಿದಾಗ ನಾನಿದ್ದ ಕಚೇರಿಯಲ್ಲಿ ಎಲ್ಲರಿಗೂ ಜ್ವರ ಬಂದಿತ್ತು. ಪತ್ರಿಕೆಗಳು ಅದಕ್ಕೆ "ಮೊಬೈಲ್‌ಗೆಡ್ಡನ್" ಅಂತ, ಅಂದರೆ ಮೊಬೈಲ್ ಪ್ರಳಯ ಅಂತ, ಹೆಸರಿಟ್ಟಿದ್ದವು. ಪ್ರಳಯ ಏನೂ ಆಗಲಿಲ್ಲ. ಆದರೆ ಅದುವರೆಗೆ "ಬಜೆಟ್ ಇಲ್ಲ" ಅನ್ನುತ್ತಿದ್ದ ಮೇಲಿನವರು ಒಂದೇ ವಾರದಲ್ಲಿ ಸಹಿ ಹಾಕಿದರು.

ಈಗಂತೂ ಗೂಗಲ್ ಪಟ್ಟಿ ಮಾಡೋದೇ ಮೊಬೈಲಿನಲ್ಲಿ ಕಾಣುವ ಪುಟ ನೋಡಿ. ಮೊಬೈಲ್ ಪುಟದಿಂದ ತೆಗೆದು ಹಾಕಿದ್ದು ಗೂಗಲ್ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಚಿಕ್ಕ ಸೈಟು ಅಂತ ಅರ್ಧ ವಿಷಯ ಕತ್ತರಿಸುವವರು ಇದನ್ನು ತಿಳಿದಿರಬೇಕು.

ಗೊರಬಲು

ಎಲ್ಲರಿಗೂ ಧನ್ಯವಾದ. ಎಂ-ಡಾಟ್ ಕೈಬಿಟ್ಟೆ. ಆದರೆ ನನ್ನ ನಿಜವಾದ ತಲೆನೋವು ಆ 7 ಕಾಲಮ್ಮಿನ ಪಟ್ಟಿ. ಒಂದೇ ಸೈಟು ಮಾಡಿದರೂ ಏಳು ಕಾಲಂ ಫೋನಿನ ಅಗಲಕ್ಕೆ ಹೇಗೆ ಹಿಡಿಸೋದು? ಮೂರನೆಯವರು ತೋರಿಸಿದ ಮಾದರಿಯಲ್ಲಿ ಪ್ರತಿ ಸಾಲನ್ನೂ ಒಂದೊಂದು ಕಾರ್ಡ್ ಮಾಡಿದ್ದಾರೆ. ಚೆನ್ನಾಗಿ ಕಾಣುತ್ತೆ.

ಟ್ಯಾಗ್‌ಮುಚ್ಚದವ

ಕಾರ್ಡ್ ಬೇಡ ಸರ್. ಧಾರಣೆ ನೋಡುವವನು ಹೋಲಿಸಿ ನೋಡುತ್ತಾನೆ. ರಾಶಿಯ ಸರಾಸರಿ ಎಷ್ಟು, ಬೆಟ್ಟೆಯದು ಎಷ್ಟು, ನಿನ್ನೆಗಿಂತ ಏರಿತಾ ಇಳಿಯಿತಾ. ಸಂಖ್ಯೆಗಳು ಒಂದರ ಕೆಳಗೆ ಒಂದು ಇದ್ದರೆ ಕಣ್ಣು ಒಂದೇ ಸಲಕ್ಕೆ ಹಿಡಿಯುತ್ತದೆ. ಕಾರ್ಡ್ ಮಾಡಿದರೆ ಒಂದು ಬಗೆಗೂ ಇನ್ನೊಂದು ಬಗೆಗೂ ನಡುವೆ ಅರ್ಧ ಪರದೆ ದೂರ.

ಪಿಕ್ಸೆಲ್_ಪುಟ್ಟಿ

ಪೂರ್ತಿ ಒಪ್ಪುವುದಿಲ್ಲ. ನಾನು ಇದೇ ಕೆಲಸ ಮಾಡೋದು. ಕಾರ್ಡ್ ಎಲ್ಲ ಕಡೆ ತಪ್ಪಲ್ಲ, ಸದಸ್ಯರ ವಿವರ, ದೂರವಾಣಿ ಪಟ್ಟಿ ಇಂಥದಕ್ಕೆ ಕಾರ್ಡೇ ಸರಿ. ಬೆಲೆ ಪಟ್ಟಿಗೆ ಸರಿ ಅಲ್ಲ, ಅದು ಹೌದು.

ಪಟ್ಟಿಯನ್ನು ಪಟ್ಟಿಯಾಗೇ ಬಿಡಿ. ಸುತ್ತ ಒಂದು ಚೌಕಟ್ಟು ಕೊಟ್ಟು ಅದರೊಳಗೆ ಮಾತ್ರ ಅಡ್ಡಕ್ಕೆ ಜರುಗುವ ಹಾಗೆ ಮಾಡಿ, ಪುಟ ಜರುಗಬಾರದು. "ಬಗೆ" ಕಾಲಮ್ಮನ್ನು ಮೊದಲಿಗೆ ತನ್ನಿ, ಅದು ಎಡಕ್ಕೆ ಅಂಟಿಕೊಂಡು ನಿಲ್ಲಲಿ. ಪುಟದ ರೂಪ ಬರೆಯುವ ಭಾಷೆ ಸಿಎಸ್ಎಸ್‌ನಲ್ಲಿ ಸ್ಟಿಕಿ ಅಂತ ಇದೆ, ಜಾವಾಸ್ಕ್ರಿಪ್ಟ್ ಬೇಕಿಲ್ಲ. ಅಂತರರಾಷ್ಟ್ರೀಯ ಸುಲಭ ಬಳಕೆಯ ನಿಯಮಗಳೂ ಇದಕ್ಕೆ ಒಪ್ಪುತ್ತವೆ. 2018ರ ಡಬ್ಲ್ಯುಸಿಎಜಿ 2.1 ಪ್ರಕಾರ 320 ಪಿಕ್ಸೆಲ್ ಅಗಲದಲ್ಲಿ ಪುಟವನ್ನು ಅಡ್ಡಕ್ಕೆ ಎಳೆಯದೆ ಓದುವಂತಿರಬೇಕು, ಆದರೆ ಅಂಕಿಅಂಶದ ಪಟ್ಟಿಗಳಿಗೆ ವಿನಾಯಿತಿ ಇದೆ. ಯಾಕೆ ವಿನಾಯಿತಿ ಅಂದರೆ ಅದೇ ಕಾರಣ, ಸಾಲು ಕಾಲಂ ಎರಡೂ ಇದ್ದರೇ ಅದಕ್ಕೆ ಅರ್ಥ.

ಇನ್ನೊಂದು ಎಚ್ಚರಿಕೆ. ಕಾರ್ಡ್ ಮಾಡುವವರು ಟೇಬಲ್ಲಿನ ಡಿಸ್‌ಪ್ಲೇ ಬದಲಿಸಿ ಬ್ಲಾಕ್ ಅಂತ ಮಾಡುತ್ತಾರೆ. ಆಗ ಕೆಲವು ಬ್ರೌಸರುಗಳಲ್ಲಿ ಸ್ಕ್ರೀನ್ ರೀಡರಿಗೆ ಅದು ಟೇಬಲ್ ಅಂತಲೇ ತಿಳಿಯೋದಿಲ್ಲ. ಕಣ್ಣು ಕಾಣದವರಿಗೆ ಬರೀ ಸಂಖ್ಯೆಗಳ ಸರಮಾಲೆ ಕೇಳಿಸುತ್ತದೆ.

ಚಾಲಿ_ರಾಶಿ

ಪುಟ್ಟಿ ಮೇಡಂ, ಸರಿ. ಆದರೆ ನನ್ನ ಕೇಳಿದರೆ ಏಳು ಕಾಲಂ ಯಾಕೆ? ದಿನಾಂಕ ಎಲ್ಲ ಸಾಲಲ್ಲೂ ಒಂದೇ. ಮೇಲೆ ದೊಡ್ಡದಾಗಿ ಒಂದು ಸಲ ಬರೀರಿ. ಆಗ ಯಾರು ಸ್ಕ್ರೀನ್ ಫೋಟೋ ಹೊಡೆದರೂ ದಿನಾಂಕ ಬಂದೇ ಬರುತ್ತೆ. ಅಂಗಳ ಕೂಡ ಮೇಲೇ ಆಯ್ಕೆ ಮಾಡಲಿ. ಉಳಿದದ್ದು ಐದು. ಆವಕವನ್ನು ಕೊನೆಗೆ ಹಾಕಿ. ಅದು ವ್ಯಾಪಾರಿಗೆ ಬೇಕು, ನನಗಲ್ಲ.

ಟ್ಯಾಗ್‌ಮುಚ್ಚದವ

ಇಷ್ಟು ಹೊತ್ತು ನಾವು ಮಾತಾಡಿದ್ದಕ್ಕಿಂತ ಇದು ಹೆಚ್ಚು ಉಪಯೋಗ. ಚಾಲಿ ರಾಯರನ್ನು ಆ ಮೂರನೇ ಕಂಪನಿಯವರು ಕೆಲಸಕ್ಕೆ ಇಟ್ಟುಕೊಳ್ಳಬೇಕು.

ಚಾಲಿ_ರಾಶಿ

ಕೊಯ್ಲು ಮುಗಿದ ಮೇಲೆ ಬರ್ತೇನೆ. ಈಗ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಸಿಕ್ಕಿದ್ದೇ ದೊಡ್ಡದು.

ಕಾಫಿಪುಡಿ

ಕೊನೆಗೌಡ ಸಿಕ್ಕಿದ್ದಾರಾ?! ನಂಬರ್ ಕೊಡಿ. ಚಿಕ್ಕಮಗಳೂರು ಕಡೆ ಬರ್ತಾರಾ ಅವರು?

ಬಯಲುಸೀಮೆ

ಈ ವರ್ಷ ಕೊಳೆರೋಗ ಜಾಸ್ತಿ ಅಂತಲ್ಲ, ರಾಶಿ ಇನ್ನೂ ಏರುತ್ತೆ ಅಂತ ನಮ್ಮ ಮಾವ ಹೇಳ್ತಿದ್ರು.

ಮೇಲ್ವಿಚಾರಕ

ಕೊನೆಗೌಡರ ನಂಬರ್, ಕೊಳೆರೋಗ, ಮಾವನ ಭವಿಷ್ಯ ಎಲ್ಲ ಕೃಷಿ ವಿಭಾಗದಲ್ಲಿ ಮಾತಾಡಿ. ಇಲ್ಲಿ ಸೈಟಿನ ವಿಷಯ. ದೂರವಾಣಿ ಸಂಖ್ಯೆ ಯಾರೂ ಹಾಕಬೇಡಿ.

ಅಕ್ಷರಮೋಹಿ

ಕನ್ನಡದ ವಿಷಯ ಯಾರೂ ಎತ್ತಿಲ್ಲ. ಗೊರಬಲು ಅವರೇ, ನಿಮ್ಮ ಹಳೇ ಸೈಟಿನ ಕನ್ನಡ ಯಾವ ಬಗೆಯದು? ನುಡಿ ಅಥವಾ ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದಾ, ಎಲ್ಲ ಸಾಧನಕ್ಕೂ ಒಂದೇ ಅಕ್ಷರ ಸಂಕೇತ ಇರುವ ಯುನಿಕೋಡಾ?

ಗೊರಬಲು

ನುಡಿ. ವಾರ್ಷಿಕ ವರದಿಗಳೆಲ್ಲ ನುಡಿಯಲ್ಲಿ ಟೈಪ್ ಮಾಡಿ ಪಿಡಿಎಫ್ ಹಾಕಿದ್ದೇವೆ. ಸೈಟಿನ ಕೆಲವು ಪುಟಗಳಲ್ಲಿ ಕನ್ನಡವನ್ನು ಚಿತ್ರವಾಗಿಯೇ ಹಾಕಿದ್ದಾರೆ.

ಅಕ್ಷರಮೋಹಿ

ಹಾಗಾದರೆ ಅರ್ಧ ಕೆಲಸ ಅಲ್ಲಿದೆ. ಆ ಹಳೇ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲೆ ಕನ್ನಡದ ಆಕಾರ ತೊಡಿಸಿರುತ್ತಾರೆ, ಅಷ್ಟೇ. ಫಾಂಟ್ ಇಲ್ಲದ ಫೋನಲ್ಲಿ ಕಲಸುಮೇಲೋಗರ ಕಾಣುತ್ತದೆ. ಹುಡುಕಿದರೆ ಸಿಗದು, ಓದಿಸಿದರೆ ಸ್ಕ್ರೀನ್ ರೀಡರ್ ಏನೋ ಬಡಬಡಿಸುತ್ತದೆ. ಚಿತ್ರದಲ್ಲಿರುವ ಕನ್ನಡವಂತೂ ಪರದೆ ಕಿರಿದಾದಾಗ ತಾನೂ ಕಿರಿದಾಗುತ್ತದೆ. ಅಕ್ಷರವಾಗಿದ್ದರೆ ಸಾಲು ಮುರಿದು ಕೆಳಗೆ ಇಳಿಯುತ್ತಿತ್ತು. ಪರಿವರ್ತಕಗಳಿವೆ, ಯುನಿಕೋಡಿಗೆ ತನ್ನಿ. ತಂದ ಮೇಲೆ ಯಾರಾದರೂ ಕೂತು ಓದಬೇಕು. ಅರ್ಕಾವತ್ತು, ಒತ್ತು ಇರುವ ಕಡೆ ತಪ್ಪು ನುಸುಳುತ್ತದೆ.

ಒಂದು ಕಾಲದಲ್ಲಿ ಯುನಿಕೋಡ್ ಹಾಕಿದರೂ ಫೋನಲ್ಲಿ ಬರೀ ಡಬ್ಬಗಳು ಕಾಣುತ್ತಿದ್ದವು. ಆಂಡ್ರಾಯ್ಡಿಗೆ ಕನ್ನಡ ಸರಿಯಾಗಿ ಬಂದದ್ದೇ 2012ರ 4.1 ಆವೃತ್ತಿಯಲ್ಲಿ. ಈಗ ಆ ನೆಪ ಇಲ್ಲ.

ಆಮೇಲೆ ವಿನ್ಯಾಸ ಮಾಡುವವರಿಗೆ ಮೂರು ಮಾತು ಕಡ್ಡಾಯ ಹೇಳಿ. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗಿಂತ ಜಾಸ್ತಿ ಕೊಡಲಿ. ಕನ್ನಡಕ್ಕೆ ಕೆಳಗೆ ಒತ್ತಕ್ಷರ ಇದೆ, ಇಂಗ್ಲಿಷಿನ ಅಳತೆಯ ಬಟನ್ನಿನಲ್ಲಿ "ಸದಸ್ಯತ್ವ" ಬರೆದರೆ ಒತ್ತಿನ ಕಾಲು ಕತ್ತರಿಸಿ ಹೋಗುತ್ತದೆ. ಎರಡು, ನಮ್ಮ ಪದಗಳು ಉದ್ದ. "ವ್ಯವಸ್ಥಾಪಕ ನಿರ್ದೇಶಕರು" ಅನ್ನುವುದನ್ನು ಕಿರಿದಾದ ಮೆನುವಿನಲ್ಲಿ ಹಾಕಿ ನೋಡಲಿ. ಮೂರು, ಪುಟದ ಭಾಷೆ ಕನ್ನಡ ಅಂತ ಕೋಡಿನಲ್ಲಿ ನಮೂದಿಸಲಿ. ಇಲ್ಲದಿದ್ದರೆ ಓದಿ ಹೇಳುವ ತಂತ್ರಾಂಶಕ್ಕೆ ಯಾವ ಭಾಷೆಯ ದನಿ ಬಳಸಬೇಕು ಅಂತ ಗೊತ್ತಾಗದು.

ಪಿಕ್ಸೆಲ್_ಪುಟ್ಟಿ

+1. ನಮ್ಮಲ್ಲಿ ಎಲ್ಲ ವಿನ್ಯಾಸವನ್ನೂ ಮೊದಲು ಇಂಗ್ಲಿಷಿನಲ್ಲಿ ಮಾಡಿ, ಕೊನೇ ವಾರ ಕನ್ನಡ ಸುರಿಯುತ್ತಾರೆ. ಆಗ ಎಲ್ಲ ಒಡೆಯುತ್ತದೆ. ಮೊದಲಿಂದ ಕನ್ನಡದಲ್ಲೇ ಮಾಡಿದರೆ ಇಂಗ್ಲಿಷ್ ಆರಾಮಾಗಿ ಕೂರುತ್ತದೆ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಉಚಿತ. ಅದೂ ಬೇಡ ಅಂದರೆ ಫೋನಿನಲ್ಲಿ ಇರುವುದನ್ನೇ ಬಳಸಿ, ಡೌನ್‌ಲೋಡ್ ಉಳಿಯುತ್ತದೆ.

ನಿವೃತ್ತ_ಮೇಷ್ಟ್ರು

ನನಗೊಂದು ಪ್ರಶ್ನೆ. ಕೆಲವು ಸೈಟುಗಳಲ್ಲಿ ಬೆರಳಿನಿಂದ ಹಿಗ್ಗಿಸಲು ಹೋದರೆ ಹಿಗ್ಗುವುದೇ ಇಲ್ಲ. ಮೊಬೈಲಿಗೆ ಹೊಂದಿಸಿದ್ದೇವೆ ಅನ್ನುತ್ತಾರೆ. ನನಗಂತೂ ಮೊದಲೇ ಚೆನ್ನಾಗಿತ್ತು, ಹಿಗ್ಗಿಸಿಯಾದರೂ ಓದುತ್ತಿದ್ದೆ.

ಪಿಕ್ಸೆಲ್_ಪುಟ್ಟಿ

ಮೇಷ್ಟ್ರೇ, ಅದು ವಿನ್ಯಾಸಗಾರರ ಅಹಂಕಾರ. ಟ್ಯಾಗಣ್ಣ ಹೇಳಿದ ಅದೇ ವ್ಯೂಪೋರ್ಟ್ ಸಾಲಿನಲ್ಲಿ "ಹಿಗ್ಗಿಸಬೇಡ" ಅಂತಲೂ ಬರೆಯಬಹುದು. ತಮ್ಮ ಜೋಡಣೆ ಕೆಡಬಾರದು ಅಂತ ಕೆಲವರು ಬರೆಯುತ್ತಾರೆ. ಗೊರಬಲು ಸರ್, ಇದನ್ನು ಒಪ್ಪಂದದಲ್ಲೇ ಹಾಕಿ, ಹಿಗ್ಗಿಸುವುದನ್ನು ತಡೆಯಬಾರದು ಅಂತ.

ಮೇಷ್ಟ್ರೇ, ನಿಮ್ಮದು ಆಂಡ್ರಾಯ್ಡ್ ಆದರೆ ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಒಳಗೆ "ಫೋರ್ಸ್ ಎನೇಬಲ್ ಝೂಮ್" ಅಂತ ಇದೆ. ಆನ್ ಮಾಡಿದರೆ ಯಾರು ತಡೆದರೂ ಹಿಗ್ಗುತ್ತದೆ.

ನಿವೃತ್ತ_ಮೇಷ್ಟ್ರು

ಮಾಡಿದೆ. ಆಯಿತು! ನೂರು ಕಾಲ ಬಾಳಮ್ಮ.

ಸಿಲಿಕಾನ್_ಸೀನ

ಸರಿ, ಆ್ಯಪ್ ವಾದ ಸದ್ಯಕ್ಕೆ ಬದಿಗಿಡ್ತೇನೆ. ಆದರೆ "ಎಲ್ಲ ಸಾಧನಕ್ಕೂ" ಅನ್ನುವ ಮಾತು ಸುಮ್ನೆ ಉತ್ಪ್ರೇಕ್ಷೆ ಅಲ್ವಾ? ಹಳ್ಳಿಯಲ್ಲಿ ಇನ್ನೂ ಬಟನ್ ಫೋನ್ ಇದೆ. 2017ರ ಜಿಯೋಫೋನಿನ ಪರದೆ 240ಕ್ಕೆ 320. ಅದರಲ್ಲಿ ಬ್ರೌಸರ್ ಇದೆ, ಟಚ್ ಇಲ್ಲ. ಅದಕ್ಕೂ ಮಾಡ್ತೀರಾ?

ಟ್ಯಾಗ್‌ಮುಚ್ಚದವ

ಮಾಡೋಕೆ ಏನಿದೆ? ಬರೀ ಎಚ್‌ಟಿಎಂಎಲ್ ಟೇಬಲ್ ಕಳಿಸಿದರೆ ಅದರಲ್ಲೂ ಓದಬಹುದು. ತೊಂದರೆ ಬರುವುದು ಇಡೀ ಪುಟವನ್ನು ಜಾವಾಸ್ಕ್ರಿಪ್ಟಿನಲ್ಲಿ ಕಟ್ಟಿದಾಗ. 2012ರ ಹೊತ್ತಿಗೆ ಬಿಬಿಸಿ ನ್ಯೂಸ್ ತಂಡ ಒಂದು ಒಳ್ಳೇ ಕ್ರಮ ಮಾಡಿಕೊಂಡಿತ್ತು. ಸುದ್ದಿಯ ಪಠ್ಯ ಎಲ್ಲರಿಗೂ ಹೋಗುತ್ತದೆ, ಎಂಥ ಬ್ರೌಸರ್ ಆದರೂ. ಆಮೇಲೆ ಬ್ರೌಸರ್ ಸಮರ್ಥ ಇದೆಯಾ ಅಂತ ಒಂದು ಚಿಕ್ಕ ಪರೀಕ್ಷೆ. ಇದ್ದರೆ ಮಾತ್ರ ಉಳಿದ ಅಲಂಕಾರ. ಸಂಘಕ್ಕೆ ಅದೇ ಸಾಕು. ಧಾರಣೆ ಮೊದಲು, ಗ್ರಾಫ್ ಆಮೇಲೆ.

ಥೇಮ್ಸ್_ತುಂಗೆ

ಸಾಧನ ಅಂದರೆ ಫೋನ್ ಮಾತ್ರ ಅಂದುಕೊಳ್ಳಬೇಡಿ. ನಮ್ಮೂರ ಕಡೆ ಮಾರಾಟ ಸಂಘದ ಅಂಗಳದಲ್ಲಿ ಗೋಡೆಗೆ ಟೀವಿ ಹಾಕಿರುತ್ತಾರೆ, ಪಕ್ಕದಲ್ಲಿ ನೋಟಿಸ್ ಬೋರ್ಡಿಗೆ ಪ್ರಿಂಟ್ ಅಂಟಿಸಿರುತ್ತಾರೆ. ನಿಮ್ಮಲ್ಲೂ ಇದ್ದರೆ ಎರಡಕ್ಕೂ ಬೇರೆ ಬೇರೆ ಎಕ್ಸೆಲ್ ಯಾಕೆ? ಅದೇ ಪುಟ ಟೀವಿಯಲ್ಲಿ ದೊಡ್ಡ ಅಕ್ಷರವಾಗಲಿ. ಪ್ರಿಂಟ್ ಕೊಟ್ಟರೆ ಮೆನು, ಬ್ಯಾನರ್ ಹೋಗಿ ಬರೀ ಪಟ್ಟಿ ಬರಲಿ. ಪ್ರಿಂಟಿಗೆ ಬೇರೆ ರೂಪ ಕೊಡುವ ಅನುಕೂಲ ಸಿಎಸ್ಎಸ್‌ನಲ್ಲಿ 1998ರಿಂದಲೇ ಇದೆ. ಬಳಸುವವರು ಕಡಿಮೆ.

ಗೊರಬಲು

ನಮ್ಮಲ್ಲೂ ಟೀವಿ ಇದೆ, ಬೋರ್ಡೂ ಇದೆ! ದಿನಾ ಒಬ್ಬ ಹುಡುಗ ಮೂರು ಕಡೆ ಅದನ್ನೇ ಟೈಪ್ ಮಾಡ್ತಾನೆ. ಇದನ್ನು ಹೇಳಿದರೆ ವ್ಯವಸ್ಥಾಪಕರು ಒಪ್ಪುವುದು ಖಂಡಿತ.

ಈಗ ಇನ್ನೊಂದು ಸಂಕಟ ಹೇಳಲೇಬೇಕು. ಮುಖಪುಟ. ಈಗ ಮೇಲೆ ಓಡುವ ಅಕ್ಷರ, ಅದರ ಕೆಳಗೆ ಅಧ್ಯಕ್ಷರು, ಉಪಾಧ್ಯಕ್ಷರು, ನಿರ್ದೇಶಕರ ಫೋಟೋಗಳು, ಆಮೇಲೆ ವಾರ್ಷಿಕ ಸಭೆಯ ಸ್ಲೈಡರ್, ಆಮೇಲೆ ಸಂಘದ ಇತಿಹಾಸ. ಧಾರಣೆಯ ಲಿಂಕ್ ಎಡಗಡೆ ಮೆನುವಿನಲ್ಲಿ ಕೆಳಗೆಲ್ಲೋ ಇದೆ. ಒಂದೇ ಕಾಲಮ್ಮಿಗೆ ಇಳಿಸಿದರೆ ಫೋನಲ್ಲಿ ಮೊದಲು ಫೋಟೋಗಳೇ ಬರ್ತವೆ. ಧಾರಣೆಗೆ ಹೋಗಲು ಎಲ್ಲರ ಮುಖ ದಾಟಿ ಹೋಗಬೇಕು.

ಕರಾವಳಿಕಾಗೆ

ಹೆಬ್ಬೆರಳಿಗೆ ವ್ಯಾಯಾಮ.

ಬಯಲುಸೀಮೆ

ಇದೇ ನೋಡಿ ಅಸಲಿ ವಿಷಯ. ನಾನು ಒಂದು ಕಾಲೇಜಿನ ಸೈಟು ಹೊಸದು ಮಾಡುವ ತಂಡದಲ್ಲಿದ್ದೆ. ಕೋಡ್ ಬರೆಯಲು ಹಿಡಿದ ಸಮಯ ಕಡಿಮೆ. ಮುಖಪುಟದಲ್ಲಿ ಯಾರು ಎಲ್ಲಿ ಅನ್ನುವ ಜಗಳಕ್ಕೆ ಹಿಡಿದದ್ದು ಜಾಸ್ತಿ. ದೊಡ್ಡ ಪರದೆಯಲ್ಲಿ ಎಲ್ಲರಿಗೂ ಒಂದೊಂದು ಮೂಲೆ ಹಂಚಿ ಸಮಾಧಾನ ಮಾಡಬಹುದು. ಫೋನಲ್ಲಿ ಮೂಲೆಗಳೇ ಇಲ್ಲ. ಒಂದು ಮೇಲೆ, ಇನ್ನೊಂದು ಕೆಳಗೆ. ಪ್ರತಿ ವಿಭಾಗದ ಮುಖ್ಯಸ್ಥರಿಗೂ ತಮ್ಮದು ಮೇಲೆ ಬೇಕು. ಪ್ರಾಂಶುಪಾಲರ ಸಂದೇಶ ಫೋನಲ್ಲಿ ಓದುತ್ತಾ ಹೋದರೆ ಮುಗಿಯುವುದೇ ಇಲ್ಲ, ಅದರ ಕೆಳಗೆ ಪ್ರವೇಶದ ಅರ್ಜಿ!

ಲ್ಯೂಕ್ ರೊಬ್ಲೆವ್‌ಸ್ಕಿ ಅನ್ನುವವರು 2009ರಲ್ಲೇ "ಮೊದಲು ಮೊಬೈಲ್" ಅಂತ ವಾದ ಶುರು ಮಾಡಿದ್ದು ಇದಕ್ಕೇ. ಚಿಕ್ಕ ಪರದೆಯಿಂದ ಶುರು ಮಾಡಿದರೆ ಯಾವುದು ಬೇಕು, ಯಾವುದು ಬೇಡ ಅಂತ ಸಂಸ್ಥೆ ತೀರ್ಮಾನ ಮಾಡಲೇಬೇಕಾಗುತ್ತದೆ, ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ತಾಂತ್ರಿಕ ಕೆಲಸ ಯಾವ ಹುಡುಗ ಬೇಕಾದರೂ ಮಾಡುತ್ತಾನೆ. ಈ ತೀರ್ಮಾನ ಕಂಪನಿಯವರು ಮಾಡಿಕೊಡಲಾಗದು, ಸಂಘವೇ ಮಾಡಬೇಕು.

ಗೊರಬಲು

ಅಧ್ಯಕ್ಷರ ಫೋಟೋ ಕೆಳಗೆ ಹಾಕಿ ಅಂತ ನಾನು ಹೇಳೋದಾ? ನನ್ನ ಕೆಲಸ ಉಳಿಯಬೇಕಲ್ಲ ಸರ್.

ಬಯಲುಸೀಮೆ

ನೀವು ಹೇಳಬೇಡಿ, ಅಂಕಿ ಹೇಳಲಿ. ಸೈಟಿನ ಲಾಗ್ ತೆಗೆಸಿ. ಯಾವ ಪುಟಕ್ಕೆ ಎಷ್ಟು ಜನ ಬಂದರು, ಫೋನಿನಿಂದ ಎಷ್ಟು, ಕಂಪ್ಯೂಟರಿನಿಂದ ಎಷ್ಟು ಅಂತ ಒಂದು ಹಾಳೆ ಸಾಕು. "ನಮ್ಮ ಪರಿಚಯ" ಪುಟ ತೆಗೆದು ಹಾಕಿ ಅನ್ನಬೇಡಿ, ಅದು ಇರಲಿ, ತನ್ನದೇ ಪುಟದಲ್ಲಿ ಫೋಟೋ ದೊಡ್ಡದಾಗಿ ಇರಲಿ. ನಮ್ಮ ಕಾಲೇಜಿನಲ್ಲಿ ಹೀಗೇ ಒಪ್ಪಿಸಿದ್ದು.

ಕಾಫಿಪುಡಿ

ಸ್ಲೈಡರ್ ಮಾತ್ರ ದಯವಿಟ್ಟು ತೆಗೆಯಿರಿ. ದೊಡ್ಡ ಫೋಟೋಗಳನ್ನು ಕ್ಯಾಮೆರಾದಿಂದ ಬಂದ ಹಾಗೇ ಏರಿಸಿರ್ತಾರೆ. ಪರದೆಯಲ್ಲಿ ಚಿಕ್ಕದಾಗಿ ಕಂಡರೂ ಫೋನಿಗೆ ಇಳಿಯೋದು ಪೂರ್ತಿ ಗಾತ್ರ. ನಮ್ಮ ತೋಟದ ಮನೆಯಲ್ಲಿ ಅಂಥ ಸೈಟು ತೆರೆಯಲು ಒತ್ತಿ, ಕಾಫಿ ಮಾಡಿಕೊಂಡು ಬರಬಹುದು.

ಪಿಕ್ಸೆಲ್_ಪುಟ್ಟಿ

ಅದಕ್ಕೇ ಸೋರ್ಸ್‌ಸೆಟ್ ಅಂತ ಇದೆ. ಒಂದೇ ಚಿತ್ರದ ಮೂರು ನಾಲ್ಕು ಗಾತ್ರ ಇಟ್ಟರೆ, ಪರದೆ ನೋಡಿ ತನಗೆ ಬೇಕಾದ್ದನ್ನು ಬ್ರೌಸರೇ ಆರಿಸಿಕೊಳ್ಳುತ್ತದೆ. ಒಪ್ಪಂದದಲ್ಲಿ ಇದನ್ನೂ ಸೇರಿಸಿ. ಜತೆಗೆ: ಡೊಮೇನ್ ಸಂಘದ ಹೆಸರಲ್ಲೇ ಇರಬೇಕು, ಧಾರಣೆ ಹಾಕುವ ಹುಡುಗನಿಗೆ ಫೋನಿನಿಂದಲೇ ಹಾಕಲು ಬರಬೇಕು, ಪರೀಕ್ಷೆ ನಿಜವಾದ ಫೋನುಗಳಲ್ಲಿ ಆಗಬೇಕು. ಲ್ಯಾಪ್‌ಟಾಪಿನ ಕ್ರೋಮಿನಲ್ಲಿ ಕಿಟಕಿ ಚಿಕ್ಕದು ಮಾಡಿ "ಮೊಬೈಲಲ್ಲೂ ನೋಡಿದ್ವಿ" ಅನ್ನುವವರು ಬಹಳ. ಅಲ್ಲಿ ನೆಟ್ ವೇಗ ಆಫೀಸಿನದು, ಪ್ರೊಸೆಸರ್ ಲ್ಯಾಪ್‌ಟಾಪಿನದು, ಬೆರಳಿನ ಬದಲು ಮೌಸ್.

ಚಾಲಿ_ರಾಶಿ

ಬಿಸಿಲಲ್ಲೂ ನೋಡಲಿ. ತಿಳಿ ಬೂದು ಬಣ್ಣದ ಅಕ್ಷರ ಅಂಗಳದಲ್ಲಿ ಕಾಣೋದೇ ಇಲ್ಲ.

ಗೊರಬಲು

ಎಲ್ಲ ಬರೆದಿಟ್ಟುಕೊಂಡೆ. ಕೊನೇ ಪ್ರಶ್ನೆ. ಹಳೇ ಸೈಟಿನ ಧಾರಣೆ ಪುಟದ ಲಿಂಕನ್ನು ಜನ ಫೋನಲ್ಲಿ ಸೇವ್ ಮಾಡಿಕೊಂಡಿದ್ದಾರೆ. ಹೊಸದಾದರೆ ಅದು ಸತ್ತು ಹೋಗುತ್ತಾ?

ಟ್ಯಾಗ್‌ಮುಚ್ಚದವ

ಬಿಟ್ಟರೆ ಸಾಯುತ್ತೆ. ಹಳೇ ವಿಳಾಸ ಒಂದೊಂದನ್ನೂ ಹೊಸದಕ್ಕೆ 301 ರೀಡೈರೆಕ್ಟ್ ಮಾಡಿಸಿ, ಅಂದರೆ ಹಳೇದನ್ನು ಒತ್ತಿದರೆ ತಾನಾಗಿ ಹೊಸದು ತೆರೆಯುವ ಹಾಗೆ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವ ಸೋಮಾರಿಗಳಿದ್ದಾರೆ, ಒಪ್ಪಬೇಡಿ. ಧಾರಣೆ ಧಾರಣೆಗೆ, ವರದಿ ವರದಿಗೆ.

ಮಂಡಳಿ ಸಭೆಗೆ ಹೋಗುವಾಗ ಪ್ರೊಜೆಕ್ಟರ್ ಹಾಕಬೇಡಿ. ಗೋಡೆ ಮೇಲೆ ಎಲ್ಲ ಸೈಟೂ ಚೆನ್ನಾಗಿ ಕಾಣುತ್ತದೆ. ಮೂರನೆಯವರ ಮಾದರಿಯ ಲಿಂಕನ್ನೂ ಹಳೇ ಸೈಟಿನ ಲಿಂಕನ್ನೂ ಕಳಿಸಿ. "ಇವತ್ತಿನ ಬೆಟ್ಟೆ ಸರಾಸರಿ ಹುಡುಕಿ" ಅಂತ ಪ್ರತಿಯೊಬ್ಬರೂ ತಮ್ಮ ಫೋನಲ್ಲೇ ಹುಡುಕಲಿ.

ಚಾಲಿ_ರಾಶಿ

ನಿರ್ದೇಶಕರ ಫೋನುಗಳೆಲ್ಲ ದೊಡ್ಡವು, ಹೊಸವು. ಅಂಗಳದ ಹಮಾಲರ ಹತ್ತಿರ ಒಂದೆರಡು ಫೋನ್ ಇಸ್ಕೊಂಡು ಹೋಗಿ.